ಬಂದರಿನ ರಾಡಾರ್ ಮಟ್ಟಮಾಪಕ: ಕೊಳ್ಳಬಹುದು, ಆದರೆ ಬೋಲ್ಟ್ ನೋಡಿಕೊಳ್ಳಿ

ಕಡಲಮಟ್ಟ ಅಳೆಯುವ ನಗರಗಳಿಗೆ ಹಳೆಯ ತೇಲುಬುರುಡೆ ಮಾಪಕಕ್ಕಿಂತ ರಾಡಾರ್ ಮಾಪಕವೇ ಮೇಲು. ಮೇಲಿನಿಂದ ರೇಡಿಯೊ ಕಿರಣ ಬಿಟ್ಟು, ನೀರಿಗೆ ಬಡಿದು ಮರಳುವ ಕಿರಣದಿಂದ ಮಟ್ಟ ಅಳೆಯುವ ಇದು ನೀರಿಗೆ ತಾಗುವುದೇ ಇಲ್ಲ; ತೇಲುಬುರುಡೆಯ ಕೊಳವೆಗಿರುವಂತೆ ಚಿಪ್ಪುಜೀವಿಗಳು ಬಾಯಿ ಕಟ್ಟುವ ಕಾಟವಿಲ್ಲ. ಶಬ್ದತರಂಗದಿಂದ ಅಳೆಯುವ ಅಲ್ಟ್ರಾಸಾನಿಕ್ ಮಾಪಕದಂತೆ ಗಾಳಿಯ ತಾಪಮಾನಕ್ಕೆ ಲೆಕ್ಕ ತಪ್ಪುವುದೂ ಇಲ್ಲ.

ಕಿರಣ ಮಾತ್ರ ನೆಟ್ಟಗೆ ಕೆಳಗಿಳಿಯಬೇಕು. ಏಣಿಯೋ ಕಟ್ಟಿದ ದೋಣಿಯೋ ಅಡ್ಡ ಬಂದರೆ ಸುಳ್ಳು ಪ್ರತಿಫಲನ ಸಿಗುತ್ತದೆ. ಮಾಪಕವನ್ನು ಹಿಡಿದಿರುವ ತೋಳಿನ ಬೋಲ್ಟ್ ಸಡಿಲಗೊಂಡು ಅದು 5 ಮಿ.ಮೀ. ಕೆಳಗೆ ಜಗ್ಗಿದರೂ ಸಾಕು, ಸಮುದ್ರವೇ 5 ಮಿ.ಮೀ. ಏರಿದಂತೆ ದಾಖಲಾಗುತ್ತದೆ. ಜಾಗತಿಕ ಸರಾಸರಿಯ ಒಂದು ವರ್ಷದ ಏರಿಕೆಗಿಂತ ಅದು ಹೆಚ್ಚು! ಹಾಗಾಗಿ ವರ್ಷಕ್ಕೊಮ್ಮೆ ಬೆಂಚ್‌ಮಾರ್ಕ್‌ಗೆ (ದಡದಲ್ಲಿ ನೆಟ್ಟ ಸ್ಥಿರ ಎತ್ತರದ ಗುರುತು) ಲೆವೆಲಿಂಗ್, ಅಂದರೆ ಮಾಪಕದ ಎತ್ತರವನ್ನು ಅದಕ್ಕೆ ಹೋಲಿಸಿ ನೋಡುವುದನ್ನು, ತಪ್ಪಿಸಬೇಡಿ.

ಪಕ್ಕದಲ್ಲೇ ಜಿಎನ್‌ಎಸ್‌ಎಸ್ ಗ್ರಾಹಕವೂ (ಜಿಪಿಎಸ್‌ನಂಥ ಉಪಗ್ರಹಗಳಿಂದ ನೆಲದ ಎತ್ತರ ಅಳೆಯುವ ಸಾಧನ) ಬೇಕೇಬೇಕು. ಏರುತ್ತಿರುವುದು ಕಡಲೋ, ಕುಸಿಯುತ್ತಿರುವುದು ನೆಲವೋ ಎಂದು ಹೇಳುವುದು ಅದೇ. ಅಂತರ್ಜಲ ಎತ್ತಿದ್ದರಿಂದ ನೆಲ ಕುಸಿಯುತ್ತಿದ್ದರೆ ತಡೆಗೋಡೆ ಎತ್ತರಿಸಿದರಷ್ಟೇ ಸಾಲದು, ಕೊಳವೆಬಾವಿಗಳಿಗೂ ಕಡಿವಾಣ ಹಾಕಬೇಕು.