ನೆಟ್‌ಬಾಕ್ಸ್‌ನ ಡಿವೈಸ್ ಟೈಪ್: ದೀರ್ಘಕಾಲ ಬಳಸಿದವರ ಅಭಿಪ್ರಾಯ

ರ‍್ಯಾಕ್ (ಯಂತ್ರಗಳನ್ನು ಒಂದರ ಮೇಲೊಂದು ಕೂರಿಸುವ ಚೌಕಟ್ಟು), ಸರ್ವರ್, ಕೇಬಲ್ ಮತ್ತು ಐಪಿ ವಿಳಾಸಗಳ ಲೆಕ್ಕವನ್ನು ನಮ್ಮ ತಂಡ ಹಲವು ವರ್ಷಗಳಿಂದ ನೆಟ್‌ಬಾಕ್ಸ್‌ನಲ್ಲಿಯೇ ಇಡುತ್ತ ಬಂದಿದೆ. ಡಿಜಿಟಲ್‌ಓಷನ್ ಸಂಸ್ಥೆಯಲ್ಲಿ ಹುಟ್ಟಿ 2016ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಇದರಲ್ಲಿ ಮೆಚ್ಚಬೇಕಾದದ್ದು ಬಹಳವಿದ್ದರೂ, ಇಲ್ಲಿ ಡಿವೈಸ್ ಟೈಪ್ (ಒಂದು ಮಾದರಿಯ ಯಂತ್ರದ ವಿವರಗಳ ಅಚ್ಚು) ಎಂಬ ಒಂದೇ ಭಾಗವನ್ನು ಎತ್ತಿಕೊಂಡಿದ್ದೇನೆ. ಉಳಿದ ದಾಖಲೆ ಸರಿಯಾಗಿರುವುದೂ ಕೆಡುವುದೂ ಬಹುಮಟ್ಟಿಗೆ ಇಲ್ಲಿಯೇ.

ಒಂದು ಮಾದರಿಯ ಸರ್ವರಿನ ತಯಾರಕರು, ಮಾಡೆಲ್, ರ‍್ಯಾಕ್‌ನಲ್ಲಿ ಅದು ಹಿಡಿಯುವ ಎತ್ತರ, ಎರಡು ಪವರ್ ಪೋರ್ಟ್, ನಾಲ್ಕು ಇಂಟರ್‌ಫೇಸ್, ನಿರ್ವಹಣೆಗೆಂದೇ ಮೀಸಲಾದ ಇನ್ನೊಂದು ಪೋರ್ಟ್, ಇಷ್ಟನ್ನು ಒಮ್ಮೆ ಟೈಪ್‌ನಲ್ಲಿ ತುಂಬಿಟ್ಟರೆ, ಆಮೇಲೆ ಆ ಮಾದರಿಯ ಎಷ್ಟು ಸರ್ವರ್ ಸೇರಿಸಿದರೂ ಪೋರ್ಟ್‌ಗಳೆಲ್ಲ ತಾವಾಗಿಯೇ ಮೂಡುತ್ತವೆ. 48 ಪೋರ್ಟಿನ ನೆಟ್‌ವರ್ಕ್ ಸ್ವಿಚ್‌ಗೂ ಹೆಸರುಗಳನ್ನು ಒಂದೊಂದಾಗಿ ಬರೆಯಬೇಕಿಲ್ಲ, ಚೌಕಾವರಣದಲ್ಲಿ 1-48 ಎಂದು ಕೊಟ್ಟರಾಯಿತು. ಬಳಕೆದಾರರ ಸಮುದಾಯ ಗಿಟ್‌ಹಬ್‌ನಲ್ಲಿ ಇಟ್ಟಿರುವ ಸಂಗ್ರಹದಲ್ಲಿ ಹೆಸರಾಂತ ತಯಾರಕರ ಹಲವು ಮಾಡೆಲ್‌ಗಳ ಟೈಪ್‌ಗಳು ಸಿದ್ಧವಾಗಿಯೇ ಸಿಗುತ್ತವೆ. ಆದರೂ ಇಂಪೋರ್ಟ್ ಮಾಡುವ ಮೊದಲು ನಿಮ್ಮ ಕೈಯಲ್ಲಿರುವ ಯಂತ್ರದ ಹಿಂಬದಿಯನ್ನು ಒಮ್ಮೆ ನೋಡುವುದು ಮೇಲು, ಏಕೆಂದರೆ ಒಂದೇ ಮಾಡೆಲ್ ಬೇರೆ ಬೇರೆ ನೆಟ್‌ವರ್ಕ್ ಕಾರ್ಡ್‌ಗಳೊಂದಿಗೆ ಬರುತ್ತದೆ.

ಹೊಸಬರು ಎಡವುವುದು ಇನ್ನೊಂದು ಕಡೆ. ಟೈಪ್‌ನಲ್ಲಿರುವ ಪೋರ್ಟ್‌ಗಳು ಡಿವೈಸ್ ಸೃಷ್ಟಿಯಾಗುವ ಗಳಿಗೆಯಲ್ಲಿ ನಕಲಾಗುತ್ತವೆಯೇ ಹೊರತು ಆನಂತರ ಎರಡಕ್ಕೂ ಕೊಂಡಿ ಉಳಿಯುವುದಿಲ್ಲ. ಬಿಟ್ಟುಹೋದ ಎರಡನೆಯ ಪವರ್ ಪೋರ್ಟನ್ನು ಇಂದು ಟೈಪ್‌ಗೆ ಸೇರಿಸಿದರೆ, ನಿನ್ನೆಯವರೆಗೆ ದಾಖಲಾದ ಸರ್ವರ್‌ಗಳಲ್ಲಿ ಅದು ಕಾಣಿಸದು. ಆ ಸರ್ವರ್‌ಗಳನ್ನು ಪಟ್ಟಿಯಲ್ಲಿ ಆಯ್ದುಕೊಂಡು ಎಲ್ಲಕ್ಕೂ ಆ ಪೋರ್ಟನ್ನು ಒಟ್ಟಾಗಿ ಸೇರಿಸಬೇಕು. ಮೊದಮೊದಲು ಇದು ಕಿರಿಕಿರಿ ಎನಿಸಿದರೂ ಈ ವಿನ್ಯಾಸವನ್ನು ನಾನು ಒಪ್ಪುತ್ತೇನೆ: ಕೇಬಲ್ ಜೋಡಿಸಿರುವ ಪೋರ್ಟ್ ಯಾರೋ ಟೈಪ್ ತಿದ್ದಿದ ಮಾತ್ರಕ್ಕೆ ಮಾಯವಾಗಬಾರದು. ಎತ್ತರದ ವಿಷಯ ಹಾಗಲ್ಲ. ಅದು ಟೈಪ್‌ನಲ್ಲಿಯೇ ಇರುತ್ತದೆ, ಹೆಚ್ಚಿಸಲು ಹೊರಟರೆ ಈಗಾಗಲೇ ರ‍್ಯಾಕ್‌ನಲ್ಲಿರುವ ಯಂತ್ರಗಳಿಗೆ ಅಷ್ಟು ಜಾಗವಿದೆಯೇ ಎಂದು ತಂತ್ರಾಂಶ ಪರಿಶೀಲಿಸಿ, ಇಲ್ಲದಿದ್ದರೆ ತಡೆಯುತ್ತದೆ.

ಯಂತ್ರ ರ‍್ಯಾಕಿನ ಮುಂದಿನಿಂದ ಹಿಂದಿನವರೆಗೂ ಜಾಗ ಹಿಡಿಯುತ್ತದೆ ಎನ್ನುವ ಪೂರ್ಣ ಆಳದ ಗುರುತು ಟೈಪ್‌ನಲ್ಲಿ ಮೊದಲೇ ಹಾಕಿಯೇ ಇರುತ್ತದೆ. ಕೇಬಲ್‌ಗಳನ್ನು ಒಂದೆಡೆ ತಂದು ಜೋಡಿಸುವ ಫಲಕವಾದ ಪ್ಯಾಚ್ ಪ್ಯಾನೆಲ್‌ಗೆ ಅದನ್ನು ತೆಗೆಯದಿದ್ದರೆ ಅದರ ಬೆನ್ನಿಗೆ ಬೇರೇನನ್ನೂ ಕೂರಿಸಲಾಗದು. ರ‍್ಯಾಕಿನ ಬದಿಯಲ್ಲಿ ನಿಲ್ಲುವ ಪಿಡಿಯುಗೆ (ಯಂತ್ರಗಳಿಗೆ ವಿದ್ಯುತ್ ಹಂಚುವ ಪಟ್ಟಿ) ಎತ್ತರ 0 ಎಂದು ಕೊಡಬೇಕು.

ಬ್ಯಾಕಪ್ ಸರ್ವರ್, ಡೇಟಾಬೇಸ್ ಸರ್ವರ್ ಎಂದು ಕೆಲಸಕ್ಕೊಂದು ಟೈಪ್ ಮಾಡುವ ಚಾಳಿಯನ್ನು ಮಾತ್ರ ಬಿಡಬೇಕು, ಅದಕ್ಕೆಂದೇ ಡಿವೈಸ್ ರೋಲ್ ಇದೆ. ಲೈನ್ ಕಾರ್ಡ್ (ಪೋರ್ಟ್‌ಗಳಿರುವ, ತೆಗೆದು ಹಾಕಬಹುದಾದ ಹಲಗೆ) ಬದಲಾಗುತ್ತಲೇ ಇರುವ ದೊಡ್ಡ ಚಾಸಿಗಳಿಗೆ, ಅಂದರೆ ಅಂಥ ಕಾರ್ಡ್‌ಗಳನ್ನು ಹಿಡಿದಿಡುವ ಪೆಟ್ಟಿಗೆಗಳಿಗೆ, 3.2ನೇ ಆವೃತ್ತಿಯಲ್ಲಿ ಬಂದ, ಕಾರ್ಡ್‌ಗೇ ಬೇರೆ ಟೈಪ್ ಮಾಡಲು ಬಿಡುವ ಮಾಡ್ಯೂಲ್ ಟೈಪ್ ನಿಜಕ್ಕೂ ಅನುಕೂಲ. ಎರಡು ಸ್ಥಿರ ಪೋರ್ಟಿನ ಸರ್ವರ್‌ಗೂ ಅದನ್ನು ಹಚ್ಚುವುದು ವೃಥಾ ಶ್ರಮ.