ಟಕ್ಸ್ ಪೇಂಟ್: ಹಳ್ಳಿ ಶಾಲೆಯಲ್ಲಿ ಕಥೆ ಕಟ್ಟಲು ಬಳಸಿದ ಅನುಭವ

ಹಳೇ ಕಂಪ್ಯೂಟರ್, ಆಗಾಗ ಹೋಗುವ ಕರೆಂಟು, ಇದ್ದೂ ಇಲ್ಲದಂಥ ನೆಟ್‌ವರ್ಕ್. ಇಷ್ಟರಲ್ಲೇ ಮಕ್ಕಳಿಂದ ಚಿತ್ರ ಬಿಡಿಸಿ ಕಥೆ ಕಟ್ಟಿಸಬೇಕು ಅನ್ನುವ ಶಿಕ್ಷಕರಿಗೆ ನಾನು ಧೈರ್ಯವಾಗಿ ಹೇಳುವ ಹೆಸರು ಟಕ್ಸ್ ಪೇಂಟ್. ಹಾವೇರಿ ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲವು ವರ್ಷಗಳಿಂದ ಇದನ್ನು ಬಳಸುತ್ತಿದ್ದೇನೆ.

ಬಿಲ್ ಕೆಂಡ್ರಿಕ್ 2002ರಲ್ಲಿ ಶುರುಮಾಡಿದ ಮುಕ್ತ ತಂತ್ರಾಂಶ ಇದು, 3ರಿಂದ 12 ವರ್ಷದ ಮಕ್ಕಳಿಗೆಂದೇ ಮಾಡಿದ್ದು. ದುಡ್ಡಿಲ್ಲ, ಜಾಹೀರಾತಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಡ. ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಳ್ಳಬಹುದು.

ಇದರ ನಿಜವಾದ ಬಲ ಇರುವುದು 'ಸ್ಲೈಡ್ಸ್'ನಲ್ಲಿ. ಉಳಿಸಿದ ಚಿತ್ರಗಳನ್ನು ಬೇಕಾದ ಕ್ರಮದಲ್ಲಿ ಒತ್ತುತ್ತಾ ಹೋದರೆ ಅದೇ ಕ್ರಮದಲ್ಲಿ ಪರದೆ ತುಂಬ ಬರುತ್ತವೆ. ವೇಗದ ಪಟ್ಟಿಯನ್ನು ಪೂರ್ತಿ ಎಡಕ್ಕೆ ಎಳೆದುಬಿಡಿ, ಆಗ ಚಿತ್ರ ತಾನಾಗಿ ಮುಂದೆ ಓಡುವುದಿಲ್ಲ. ಮಗು ಹೇಳುವಷ್ಟು ಹೇಳಿ, ಕೀಲಿ ಒತ್ತಿ, ಮುಂದಿನ ಚಿತ್ರಕ್ಕೆ ಹೋಗುತ್ತದೆ. ತರಗತಿಯಲ್ಲಿ ಬಾಯಿಬಿಡದ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಗೋವಿನಜೋಳದ ಹೊಲ ಕಾಯುವ ಅಜ್ಜನ ಕಥೆ ಮಾಡಿದಳು. ಹೊಲಕ್ಕೆ 'ಮ್ಯಾಜಿಕ್' ಅನ್ನುವ ವಿಶೇಷ ಪರಿಣಾಮಗಳ ಗುಂಪಿನ ಹುಲ್ಲು ಬಳಸಿದ್ದಳು. ಆ ಸಾಧನದಲ್ಲಿ ಪರದೆಯ ಮೇಲ್ಭಾಗದಲ್ಲಿ ಎಳೆದ ಹುಲ್ಲು ಸಣ್ಣದಾಗಿ, ಕೆಳಗೆ ಎಳೆದದ್ದು ದೊಡ್ಡದಾಗಿ ಮೂಡುತ್ತದೆ. ಅದನ್ನು ತಾನೇ ಕಂಡುಕೊಂಡು, ಅಟ್ಟಣಿಗೆಯನ್ನು ಸಣ್ಣ ಹುಲ್ಲಿನ ಕಡೆ ಇಟ್ಟು, ಹಂದಿಗಳನ್ನು ಮುಂದೆ ದೊಡ್ಡದಾಗಿ ಬಿಡಿಸಿದ್ದಳು. "ಅಜ್ಜಾ, ಹಂದಿ ಬಂದಾವ, ಏಳೋ!" ಅಂತ ಅವಳು ಕೂಗಿದಾಗ ಇಡೀ ಕೋಣೆ ಅವಳ ಜೊತೆಗೇ ಕೂಗಿತು. ದೂರ-ಹತ್ತಿರದ ಪಾಠವನ್ನು ನಾನು ಹಲಗೆಯ ಮೇಲೆ ಅಷ್ಟು ಚೆನ್ನಾಗಿ ಕಲಿಸಲಾರೆ.

ಸ್ಟಾಂಪ್ ಅಚ್ಚುಗಳನ್ನು, ಅಂದರೆ ಒತ್ತಿದರೆ ಮೂಡುವ ಸಿದ್ಧ ಚಿತ್ರಗಳನ್ನು, ಬೇರೆಯಾಗಿ ಇಳಿಸಿಕೊಳ್ಳಬೇಕು. ನನ್ನ ಸಲಹೆ, ಮೊದಮೊದಲು ಅವನ್ನು ಕೊಡಲೇಬೇಡಿ. ಸಿದ್ಧ ಹಸು ಸಿಕ್ಕರೆ ಯಾವ ಮಗುವೂ ತನ್ನ ಮನೆಯ ಹಸುವನ್ನು ಬಿಡಿಸುವ ಗೋಜಿಗೆ ಹೋಗುವುದಿಲ್ಲ. ಟಕ್ಸ್ ಪೇಂಟ್ ಕಾನ್ಫಿಗ್ ಅನ್ನುವ ಸೆಟ್ಟಿಂಗ್ಸ್ ತಂತ್ರಾಂಶದಲ್ಲಿ ಅಚ್ಚುಗಳನ್ನು ಮುಚ್ಚಿಡಬಹುದು, ಸದ್ದನ್ನೂ ಅಲ್ಲೇ ನಿಲ್ಲಿಸಬಹುದು. ಪಕ್ಕದಲ್ಲೇ ನಲಿ-ಕಲಿ ತರಗತಿ ನಡೆಯುತ್ತಿದ್ದರೆ ಇದು ಬೇಕೇ ಬೇಕು.

ಕೊರತೆಗಳೂ ಇವೆ. ಉಳಿಸುವಾಗ ಹೆಸರು ಕೇಳುವುದಿಲ್ಲ. ಚಿಕ್ಕವರಿಗೆ ಅದು ವರ, ಆದರೆ ಒಂದೇ ಕಂಪ್ಯೂಟರನ್ನು ಹಲವರು ಬಳಸುವಲ್ಲಿ ಎಲ್ಲರ ಚಿತ್ರಗಳೂ ಕಲಸಿಹೋಗುತ್ತವೆ. ಅದಕ್ಕೇ ಪ್ರತಿ ಚಿತ್ರದ ಮೂಲೆಯಲ್ಲಿ ಹೆಸರು ಬರೆಸುತ್ತೇನೆ. ಬರಹಕ್ಕೆ 'ಟೆಕ್ಸ್ಟ್' ಬದಲು 'ಲೇಬಲ್' ಬಳಸಿ. ಟೆಕ್ಸ್ಟ್ ಚಿತ್ರದೊಳಗೇ ಬೆರೆತುಹೋಗುತ್ತದೆ, ಲೇಬಲ್ಲನ್ನು ಆಮೇಲೂ ತಿದ್ದಬಹುದು, ಸರಿಸಬಹುದು. ಯುಪಿಎಸ್ ಇಲ್ಲದಿದ್ದರೆ ಕರೆಂಟು ಹೋದಾಗ ಉಳಿಸದ ಚಿತ್ರ ಹೋದಂತೆಯೇ, ಹಾಗಾಗಿ ಆಗಾಗ 'ಉಳಿಸು' ಒತ್ತುವ ರೂಢಿ ಮಾಡಿಸಿ.

ಈಚಿನ ಆವೃತ್ತಿಗಳಲ್ಲಿ ಸ್ಲೈಡ್ಸ್‌ನ ಕಥೆಯನ್ನು ಅನಿಮೇಟೆಡ್ ಜಿಫ್ (ಚಿತ್ರಗಳು ಒಂದಾದ ಮೇಲೊಂದು ತಾವೇ ಬದಲಾಗುವ ಕಡತ) ಆಗಿ ಹೊರತೆಗೆಯಬಹುದು. ಧ್ವನಿ ಬರುವುದಿಲ್ಲ. ಮಗುವಿನ ದನಿಯನ್ನು ಫೋನಿನಲ್ಲಿ ಬೇರೆಯಾಗಿ ಮುದ್ರಿಸಿ ಎರಡನ್ನೂ ಒಟ್ಟಿಗೆ ಪಾಲಕರಿಗೆ ಕಳಿಸುತ್ತೇನೆ.