ರೈಜೆನ್ 5 2600, ಜಿಟಿಎಕ್ಸ್ 1060: ಹಳೆ ಗೇಮಿಂಗ್ ಪಿಸಿಯಲ್ಲಿ ಏನು ಬದಲಿಸಬೇಕು, ಏನು ಬೇಡ

ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. 2018ರ ಹೊತ್ತಿಗೆ ಮಧ್ಯಮ ಬಜೆಟ್‌ನವರು ಕಟ್ಟಿಸಿಕೊಂಡ ಪಿಸಿ ಹೆಚ್ಚುಕಡಿಮೆ ಇದೇ. ಇಷ್ಟು ವರ್ಷ ಓಡಿದ ಮೇಲೆ ಇದರಲ್ಲಿ ನಿಜಕ್ಕೂ ಮುದಿಯಾಗಿರುವುದು ಗ್ರಾಫಿಕ್ಸ್ ಕಾರ್ಡ್. ಬೋರ್ಡ್‌ಗೆ ಇನ್ನೂ ಆಯಸ್ಸಿದೆ.

1060ರ ತೊಂದರೆ ಬರೀ ವೇಗದ್ದಲ್ಲ. ರೇ ಟ್ರೇಸಿಂಗ್ (ಬೆಳಕು ಬೀಳುವ ದಾರಿ ಲೆಕ್ಕ ಹಾಕಿ ಚಿತ್ರ ಮೂಡಿಸುವ ವಿಧಾನ) ಹಾರ್ಡ್‌ವೇರ್ ಇಲ್ಲದ್ದರಿಂದ 2025ರ 'ಡೂಮ್: ದ ಡಾರ್ಕ್ ಏಜಸ್'‌ನಂಥ ಆಟಕ್ಕೆ ಇದು ಲೆಕ್ಕಕ್ಕೇ ಇಲ್ಲ, ಸೆಟ್ಟಿಂಗ್ ಎಷ್ಟು ಇಳಿಸಿದರೂ ಅಷ್ಟೇ. ಈ ಪೀಳಿಗೆಯ ಕಾರ್ಡ್‌ಗಳಿಗೆ ಹೊಸ ಗೇಮ್ ರೆಡಿ ಡ್ರೈವರ್ (ಕಾರ್ಡನ್ನು ಹೊಸ ಆಟಗಳಿಗೆ ಸಜ್ಜುಗೊಳಿಸುವ ತಂತ್ರಾಂಶ) ಕೂಡ 2025ರ ಅಕ್ಟೋಬರ್‌ಗೆ ನಿಂತಿದೆ; ಇನ್ನು 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. ಹಳೆ ಆಟಗಳಷ್ಟೇ ಸಾಕು ಅನ್ನುವವರು ಏನನ್ನೂ ಕೊಳ್ಳಬೇಕಿಲ್ಲ.

ದುಡ್ಡು ಬಿಚ್ಚುವ ಮುಂಚೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ವೇಗ ನೋಡಿ. 3200ರ ರ‍್ಯಾಮ್ ಹಾಕಿಸಿಯೂ ಅಲ್ಲಿ 2133 ಅಥವಾ 2400 ಕಂಡರೆ ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ತಂತ್ರಾಂಶ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ, ಆಫ್ ಆಗಿದೆ ಎಂದರ್ಥ. ರೈಜೆನ್‌ನ ಒಳಗಿನ ಸಂಪರ್ಕಜಾಲ ರ‍್ಯಾಮ್‌ನ ವೇಗಕ್ಕೆ ಕಟ್ಟುಬಿದ್ದಿರುವುದರಿಂದ ಈ ನಷ್ಟ ಆಟದಲ್ಲಿ ಎದ್ದು ಕಾಣುತ್ತದೆ. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಸ್ಟಿಕ್‌ಗಳು ಎರಡಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿರಬೇಕು.

ಆಮೇಲೆ ಪರೀಕ್ಷೆ. ಆಟವನ್ನು 1080ಪಿಯಿಂದ 720ಪಿಗೆ ಇಳಿಸಿ, ಉಳಿದ ಸೆಟ್ಟಿಂಗ್ ಮುಟ್ಟಬೇಡಿ. ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್) ಜಿಗಿದರೆ ಅಡ್ಡಗಾಲು ಹಾಕುತ್ತಿರುವುದು ಕಾರ್ಡ್. ಇದ್ದಲ್ಲೇ ಇದ್ದರೆ ಪ್ರೊಸೆಸರ್. ಪ್ರೊಸೆಸರ್ ಬಳಕೆ 50% ತೋರಿಸುತ್ತಿದೆ ಅಂತ ನೆಮ್ಮದಿ ಬೇಡ. ಹನ್ನೆರಡು ಥ್ರೆಡ್‌ಗಳ, ಅಂದರೆ ಪ್ರೊಸೆಸರ್ ಏಕಕಾಲಕ್ಕೆ ನಡೆಸುವ ಕೆಲಸದ ಸಾಲುಗಳ, ಸರಾಸರಿ ಅದು. ಒಂದೇ ಥ್ರೆಡ್ ತುಂಬಿ ತುಳುಕುತ್ತಿದ್ದರೂ ಅದರಲ್ಲಿ ಗೊತ್ತಾಗುವುದಿಲ್ಲ.

ಕಾರ್ಡ್ ಆರಿಸುವಾಗ ಬಿ450ರಲ್ಲಿ ಕಾರ್ಡ್ ಕೂರುವ ಸ್ಲಾಟ್ ಹಳೆ ಪೀಳಿಗೆಯ ಪಿಸಿಐಇ 3.0 ಎಂಬುದು ನೆನಪಿರಲಿ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಬಳಸುವುದು ಎಂಟೇ ಲೇನ್ (ಡೇಟಾ ಹರಿಯುವ ದಾರಿ). ಅವುಗಳ 8 ಜಿಬಿ ತುಂಬಿ ರ‍್ಯಾಮ್‌ನಿಂದ ಡೇಟಾ ಎಳೆಯಬೇಕಾಗಿ ಬಂದಾಗ, ಈ ಬೋರ್ಡ್‌ನಲ್ಲಿ ಆಟ ಜರ್ಕ್ ಹೊಡೆಯುತ್ತದೆ. ಹದಿನಾರು ಲೇನ್‌ನ 12 ಜಿಬಿ ಆರ್‌ಟಿಎಕ್ಸ್ 3060 ಹಳೆಯದಾದರೂ ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ಅದೇ ಹೆಸರಲ್ಲಿ 8 ಜಿಬಿಯದೂ ಇದೆ, ಅದರ ಮೆಮೊರಿಯ ದಾರಿ (ಬಸ್) 128 ಬಿಟ್‌ನಷ್ಟೇ ಕಿರಿದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಳ್ಳುವುದಾದರೂ ಸರಿ, ಆನ್‌ಲೈನ್ ಆದರೂ ಸರಿ, ಬಾಕ್ಸ್ ಮೇಲೆ 12 ಎಂದಿರುವುದನ್ನು ನೋಡಿಯೇ ದುಡ್ಡು ಕೊಡಿ.

ಪ್ರೊಸೆಸರ್‌ಗೆ ರೈಜೆನ್ 5 5600 ಸಾಕು. 2600ರಲ್ಲಿ ಆರು ಕೋರ್ ಮೂರು-ಮೂರಾಗಿ ಒಡೆದು, ಒಂದೊಂದು ಗುಂಪಿಗೂ 8 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿ) ಇದೆ. 5600ರಲ್ಲಿ ಆರೂ ಕೋರ್‌ಗೆ ಸೇರಿ 32 ಎಂಬಿ. ಎಎಂಡಿಯ ಹೊಸ ಸಾಕೆಟ್ ಎಎಂ5ಗೆ ಹಾರಿದರೆ ಬೋರ್ಡ್ ಜೊತೆಗೆ ಡಿಡಿಆರ್5 ಕೂಡ ಕೊಳ್ಳಬೇಕು. ಈ ಪಿಸಿಗೆ ಅಷ್ಟು ಸುರಿಯುವುದು ದಂಡ.

ಬದಲಿಸುವಾಗ ಎಡವಟ್ಟಾಗುವುದು ಎರಡು ಕಡೆ. ಹಳೆ ಪ್ರೊಸೆಸರ್ ಕೂತಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ಮೊದಲೇ 5600 ಕೂರಿಸಿದರೆ ಸ್ಕ್ರೀನ್ ಕಪ್ಪಗೇ ಉಳಿಯುತ್ತದೆ. ಕೆಲವು ಬೋರ್ಡ್‌ಗಳಿಗೆ ನಡುವಿನ ಒಂದು ಆವೃತ್ತಿ ಹಾಕಿಯೇ ಮುಂದೆ ಹೋಗಬೇಕು, ಡೌನ್‌ಲೋಡ್ ಪುಟದ ಸೂಚನೆ ಓದಿಕೊಳ್ಳಿ. ಎರಡನೆಯದು ಕೂಲರ್. ಪ್ರೊಸೆಸರ್‌ಗೂ ಕೂಲರ್‌ಗೂ ನಡುವಿನ ಒಣಗಿದ ಪೇಸ್ಟ್ ಗೋಂದಿನಂತೆ ಹಿಡಿದಿರುತ್ತದೆ. ನೇರ ಮೇಲಕ್ಕೆ ಎಳೆದರೆ ಲಾಕ್ ಇದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತವೆ. ಹದಿನೈದು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಪವರ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಸಡಿಲಾದ ಮೇಲೆ ಎತ್ತಿ.

ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಮೊದಲೇ ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಬದಲಾದರೆ ಅದರೊಳಗಿನ ಟಿಪಿಎಂ (ಕೀ ಕಾಪಾಡುವ ಭದ್ರತಾ ಭಾಗ) ಕೂಡ ಬದಲಾಗುತ್ತದೆ, ವಿಂಡೋಸ್ ಆ ಕೀ ಕೇಳಿ ಕೂರುತ್ತದೆ.

1060 ಎಳೆಯುತ್ತಿದ್ದದ್ದು 120 ವ್ಯಾಟ್, 3060ಕ್ಕೆ 170 ಬೇಕು. ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) 550 ವ್ಯಾಟ್‌ನದಿರಲಿ, 6 ಪಿನ್ನಿಂದ 8 ಪಿನ್ ಮಾಡುವ ಅಡಾಪ್ಟರ್ ಬೇಡವೇ ಬೇಡ. ಮನೆಯ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಮಾನಿಟರೂ ಸೇರಿದರೆ ಅದರ ಅಂಚಿಗೆ ಬರುತ್ತೀರಿ. ಬ್ಯಾಟರಿ ಹಳತಾಗಿದ್ದರೆ ಕರೆಂಟ್ ಹೋದ ಕ್ಷಣಕ್ಕೇ ಪಿಸಿಯೂ ಆಫ್.